ಗೆರೆಯವರೆಗೆ ನೀರು: ಮಗುವಿಗೆ ಆ್ಯಂಟಿಬಯಾಟಿಕ್ ಕೊಡುವ ಮುನ್ನ

ಆಷಾಢದ ಜಿಟಿಜಿಟಿ ಮಳೆ ಹಿಡಿದ ಸಂಜೆ ತಾಲ್ಲೂಕು ಕೇಂದ್ರದ ಯಾವ ಮಕ್ಕಳ ಕ್ಲಿನಿಕ್ಕಿಗೆ ಬೇಕಾದರೂ ಹೋಗಿ ನೋಡಿ. ಒಳಗಿನ ಬೆಂಚು ತುಂಬಿ, ಜನ ಮೆಟ್ಟಿಲ ಮೇಲೂ ಕೂತಿರುತ್ತಾರೆ. ಒಂದು ಮಗು ಕಿವಿ ಹಿಡಿದುಕೊಂಡು ಅಳುತ್ತಿರುತ್ತದೆ, ಇನ್ನೊಂದು ಟೋಪಿಯೊಳಗೆ ಮುಖ ಹುದುಗಿಸಿ ಕೆಮ್ಮುತ್ತಿರುತ್ತದೆ. ಟೋಕನ್ ಕೂಗುತ್ತಾರೆ, ಡಾಕ್ಟರು ಟಾರ್ಚ್ ಹಿಡಿದು ಗಂಟಲು ನೋಡುತ್ತಾರೆ, ಎದೆಗೆ ಸ್ಟೆತಸ್ಕೋಪ್ ಇಡುತ್ತಾರೆ, ಚೀಟಿ ಬರೆಯುತ್ತಾರೆ. ಪಕ್ಕದ ಮೆಡಿಕಲ್ಸ್‌ನ ಹುಡುಗ ಮೂರು ಪೆಟ್ಟಿಗೆ ತೆಗೆದಿಟ್ಟು, ಒಂದರ ಮೇಲೆ ಪೆನ್ನಿನಲ್ಲಿ ಗೀಚುತ್ತಾ ಹೇಳುತ್ತಾನೆ: "ಅಕ್ಕಾ, ಇದು ದಿನಾ ಎರಡು ಸಲ ಐದೈದು ಎಂಎಲ್. ನೀರು ಹಾಕಿ ಕಲಸ್ಕೊಳ್ಳಿ. ಇದು ಜ್ವರಕ್ಕೆ, ಇದು ಕೆಮ್ಮಿಗೆ." ಅಷ್ಟು ಹೊತ್ತಿಗೆ ಹಿಂದೆ ನಿಂತವರು ತಮ್ಮ ಚೀಟಿ ಮುಂದೆ ಚಾಚಿರುತ್ತಾರೆ.

ರಾತ್ರಿ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದರೆ ಬಾಟಲಿಯ ತಳದಲ್ಲಿ ಬಿಳಿ ಪುಡಿ. ನೀರು ಎಷ್ಟು ಹಾಕಬೇಕು? ಕಾಯಿಸಿದ್ದೋ, ಫಿಲ್ಟರ್‌ನದೋ? ಊಟಕ್ಕೆ ಮುಂಚೆಯೋ, ಆಮೇಲೋ? ಅಪ್ಪ ಮೊಬೈಲ್ ಬೆಳಕು ಹಿಡಿದು ಲೇಬಲ್ಲಿನ ಸಣ್ಣ ಇಂಗ್ಲಿಷ್ ಅಕ್ಷರ ಓದಲು ನೋಡುತ್ತಾರೆ. ಅಜ್ಜಿ ಒಳಲೆ ಹುಡುಕಲು ಏಳುತ್ತಾರೆ.

ಡಾಕ್ಟರು ರೋಗವನ್ನು ಸರಿಯಾಗಿ ಗುರುತಿಸಿ ಸರಿಯಾದ ಔಷಧವನ್ನೇ ಬರೆದರೂ, ಅಂಗಡಿಯವರು ಅದನ್ನೇ ಕೊಟ್ಟರೂ, ಕೊನೆಯ ಕೆಲಸ ನಡೆಯುವುದು ಅಡುಗೆಮನೆಯ ಕಟ್ಟೆಯ ಮೇಲೆ. ಮಕ್ಕಳ ಆ್ಯಂಟಿಬಯಾಟಿಕ್ ಚಿಕಿತ್ಸೆ ಕೆಡುವುದು ಹೆಚ್ಚಾಗಿ ಅಲ್ಲೇ. ಅದಕ್ಕೆ ಹೆತ್ತವರ ಅಸಡ್ಡೆ ಕಾರಣವಲ್ಲ. ಕಟ್ಟೆಯ ಮೇಲೆ ಏನು ಮಾಡಬೇಕೆಂದು ಅವರಿಗೆ ಯಾರೂ ನಿಂತು ಹೇಳಿಕೊಟ್ಟಿರುವುದಿಲ್ಲ.

ಯಾವ ಕಾಯಿಲೆಗೆ ಬೇಕು?

ಆ್ಯಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾಗಳನ್ನು ಮಾತ್ರ. ನೆಗಡಿ, ಫ್ಲೂ, ಬಹುಪಾಲು ಗಂಟಲು ನೋವು, ಹೆಚ್ಚಿನ ವಾಂತಿಭೇದಿ, ಡೆಂಗಿ ಇವೆಲ್ಲ ವೈರಸ್‌ನಿಂದ ಬರುವಂಥವು. ಇವಕ್ಕೆ ಎಷ್ಟೇ ಬೆಲೆಯ ಆ್ಯಂಟಿಬಯಾಟಿಕ್ ಕುಡಿಸಿದರೂ ಒಂದು ಗಂಟೆ ಮುಂಚೆ ವಾಸಿಯಾಗುವುದಿಲ್ಲ. ಮೂಗಿನ ಸಿಂಬಳ ಹಳದಿ ಅಥವಾ ಹಸಿರಾಯಿತು ಎಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಸೋಂಕು ಎಂದೂ ಅಲ್ಲ. ನೆಗಡಿ ಮಾಗುವಾಗ ಅದು ಸಹಜವಾಗಿಯೇ ಬಣ್ಣ ತಿರುಗುತ್ತದೆ.

ನ್ಯುಮೋನಿಯಾ, ಟೈಫಾಯಿಡ್, ಮೂತ್ರದ ಸೋಂಕು, ಕೀವು ತುಂಬಿದ ಕಿವಿ, ಚರ್ಮದ ಹುಣ್ಣು, ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದ ಗಂಟಲು ಸೋಂಕು, ಇವುಗಳ ಮಾತು ಬೇರೆ. ಇಲ್ಲಿ ಔಷಧ ತಡವಾದರೆ ಅಪಾಯ. ಸ್ಟ್ರೆಪ್ಟೋಕಾಕಸ್ ಗಂಟಲನ್ನೇ ತೆಗೆದುಕೊಳ್ಳಿ. ಸರಿಯಾಗಿ ಚಿಕಿತ್ಸೆ ಆಗದಿದ್ದರೆ ಕೆಲವು ಮಕ್ಕಳಲ್ಲಿ ಅದು ರುಮ್ಯಾಟಿಕ್ ಜ್ವರಕ್ಕೆ ತಿರುಗಿ, ಹೃದಯದ ಕವಾಟಗಳನ್ನೇ ಹಾಳುಮಾಡುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಗೆ ಹೆಸರಾಗಿದೆ. ಆ ಚಿಕಿತ್ಸೆಗೆ ಬರುವ ಬಹುತೇಕರ ಕಾಯಿಲೆಯ ಬೇರು ಬಾಲ್ಯದ ಇಂಥ ಗಂಟಲು ನೋವಿನಲ್ಲಿರುತ್ತದೆ. ಆದ್ದರಿಂದಲೇ ಈ ಸೋಂಕಿಗೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಬರೆದಾಗ ವೈದ್ಯರು ಸಾಮಾನ್ಯವಾಗಿ 10 ದಿನ ಎನ್ನುತ್ತಾರೆ. ಮೂರನೇ ದಿನಕ್ಕೇ ಮಗು ಆಡತೊಡಗಿದರೂ ಹತ್ತು ದಿನ ಎಂದರೆ ಹತ್ತು ದಿನ.

"ಸ್ವಲ್ಪ ಸ್ಟ್ರಾಂಗ್ ಆಗಿರೋದು ಬರೀರಿ ಡಾಕ್ಟ್ರೇ" ಎಂದು ಕೇಳುವುದು ನಮ್ಮಲ್ಲಿ ರೂಢಿ. ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆ್ಯಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿದೆ: ಮೊದಲು ಬಳಸಬೇಕಾದವು, ಎಚ್ಚರದಿಂದ ಬಳಸಬೇಕಾದವು, ಕೊನೆಗೆಂದು ಕಾದಿಡಬೇಕಾದವು. ಹಳೆಯದು, ಅಗ್ಗದ್ದು ಎಂದು ನಾವು ಮೂಗು ಮುರಿಯುವ ಅಮಾಕ್ಸಿಸಿಲಿನ್ ಮೊದಲ ಗುಂಪಿನಲ್ಲಿದೆ. ನಾವು "ಸ್ಟ್ರಾಂಗ್" ಎನ್ನುವ ಸೆಫಿಕ್ಸಿಮ್, ಅಜಿತ್ರೊಮೈಸಿನ್ ಎರಡನೆಯದರಲ್ಲಿವೆ. ಮಗುವಿನ ಸೋಂಕಿಗೆ ಒಪ್ಪುವ ಔಷಧ ಹಳೆಯದಾದರೆ ಅದೇ ಒಳ್ಳೆಯ ಔಷಧ. ಡಾಕ್ಟರು "ಆ್ಯಂಟಿಬಯಾಟಿಕ್ ಬೇಡ, ಎರಡು ದಿನ ನೋಡೋಣ" ಎಂದು ಕಳಿಸಿದರೆ, ಫೀಸು ದಂಡವಾಯಿತು ಎಂದುಕೊಳ್ಳಬೇಕಿಲ್ಲ.

ಹೆಸರು ಒಂದೇ, ಅಂಶ ಎರಡರಷ್ಟು

ದೊಡ್ಡವರ ಮಾತ್ರೆಯಂತೆ ಮಕ್ಕಳಿಗೆ ಎಲ್ಲರಿಗೂ ಒಂದೇ ಅಳತೆ ಇಲ್ಲ. ಮಗುವಿನ ತೂಕಕ್ಕೆ ಕೆಜಿಗೆ ಇಷ್ಟು ಮಿಲಿಗ್ರಾಂ ಎಂದು ಲೆಕ್ಕ ಹಾಕಿ ಡೋಸ್ ಬರೆಯುತ್ತಾರೆ. ಹೋದ ವರ್ಷ 9 ಕೆಜಿ ಇದ್ದ ಕೂಸು ಈಗ 12 ಕೆಜಿ ಆಗಿದ್ದರೆ ಹಳೇ ಚೀಟಿಯ ಡೋಸ್ ಸಾಲುವುದಿಲ್ಲ. ಕ್ಲಿನಿಕ್ಕಿನಲ್ಲಿ ತೂಕ ನೋಡದೆ ಔಷಧ ಬರೆದರೆ "ಒಂದ್ಸಲ ತೂಕ ನೋಡ್ತೀರಾ?" ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಇನ್ನು ಮಿಲಿಗ್ರಾಂ ಎಂಎಲ್ ಆಗುವ ಜಾಗ. ಎಡವುವುದು ಇಲ್ಲೇ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ ಪುಡಿ ನಮ್ಮಲ್ಲಿ ತುಂಬ ಬಳಕೆಯಲ್ಲಿದೆ. ಅದರ ಒಂದು ಬಗೆಯಲ್ಲಿ 5 ಎಂಎಲ್‌ಗೆ 228.5 ಮಿಗ್ರಾಂ ಇರುತ್ತದೆ, ಅಂದರೆ 200 ಅಮಾಕ್ಸಿಸಿಲಿನ್, 28.5 ಕ್ಲಾವುಲನೇಟ್. ಇನ್ನೊಂದರಲ್ಲಿ ಅಷ್ಟೇ 5 ಎಂಎಲ್‌ಗೆ 457 ಮಿಗ್ರಾಂ. ಕಂಪನಿಯ ಹೆಸರು ಅದೇ, ಪೆಟ್ಟಿಗೆಯ ಬಣ್ಣವೂ ಹೆಚ್ಚುಕಡಿಮೆ ಅದೇ, ಹಿಂದೆ ಒಂದು ಸಣ್ಣ ಪದ ಅಥವಾ ಅಂಕಿ ಮಾತ್ರ ಬೇರೆ. ಡಾಕ್ಟರು ಮೊದಲನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು 5 ಎಂಎಲ್ ಬರೆದಿದ್ದು, ಅಂಗಡಿಯಲ್ಲಿ ಅದು ಮುಗಿದಿದೆ ಎಂದು ಎರಡನೆಯದನ್ನು ಕೊಟ್ಟರೆ, ಮಗುವಿನ ಹೊಟ್ಟೆಗೆ ಹೋಗುವುದು ಎರಡರಷ್ಟು. ಅದಲುಬದಲಾದರೆ ಅರ್ಧ.

ಡ್ರಾಪ್ಸ್ ಮತ್ತು ಸಿರಪ್‌ನದು ಇನ್ನೂ ದೊಡ್ಡ ಅಂತರ. ಎಳೆ ಕೂಸುಗಳಿಗೆ ಬರುವ ಅಮಾಕ್ಸಿಸಿಲಿನ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದೇ ಎಂಎಲ್‌ಗೆ 100 ಮಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ 5 ಎಂಎಲ್ ಸೇರಿ 125. ಹಾಗಾಗಿ "ಡ್ರಾಪ್ಸ್ ಇಲ್ಲ, ಸಿರಪ್ ತಗೊಳ್ಳಿ" ಎಂದು ಅಂಗಡಿಯವರು ಬದಲಿಸಿದರೆ, ಎಂಎಲ್ ಲೆಕ್ಕವೂ ಬದಲಾಗಲೇಬೇಕು. ಕೌಂಟರ್ ಬಿಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: "5 ಎಂಎಲ್‌ಗೆ ಎಷ್ಟು ಮಿಗ್ರಾಂ ಅಂತ ಚೀಟೀಲಿದೆ, ಬಾಟ್ಲಿ ಮೇಲೆ ಎಷ್ಟಿದೆ?" ಚೀಟಿಯಲ್ಲಿ ಆ ಅಂಕಿಯೇ ಇಲ್ಲದಿದ್ದರೆ ಮತ್ತೆ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ಬರೆಸಿಕೊಳ್ಳಿ. ಆ ಅಂಕಿ ಬರೆಯದ ಚೀಟಿಯನ್ನು ನಾನಂತೂ ಅರ್ಧ ಚೀಟಿ ಎಂದೇ ಕರೆಯುತ್ತೇನೆ.

ದೊಡ್ಡವರ ಮಾತ್ರೆಯನ್ನು ಕಾಲು ಭಾಗ ಮಾಡಿ ಅರೆದು ಕೊಡುವ ಜಾಣತನವೂ ಬೇಡ. ದೊಡ್ಡವರ 625ರ ಮಾತ್ರೆಯಲ್ಲಿ 500 ಅಮಾಕ್ಸಿಸಿಲಿನ್‌ಗೆ 125 ಕ್ಲಾವುಲನೇಟ್ ಇರುತ್ತದೆ, ನಾಲ್ಕಕ್ಕೆ ಒಂದು. ಮೇಲೆ ಹೇಳಿದ ಮಕ್ಕಳ ಪುಡಿಯಲ್ಲಿ ಏಳಕ್ಕೆ ಒಂದು. ಹೊಟ್ಟೆ ಕೆಡಿಸುವುದು ಹೆಚ್ಚಾಗಿ ಈ ಕ್ಲಾವುಲನೇಟೇ. ಮಾತ್ರೆಯನ್ನು ಎಷ್ಟು ಚೂರು ಮಾಡಿದರೂ ಅದರೊಳಗಿನ ಪ್ರಮಾಣ ಬದಲಾಗುವುದಿಲ್ಲ.

ಪುಡಿ ಕಲಸುವ ಹೊತ್ತು

ಆ್ಯಂಟಿಬಯಾಟಿಕ್ ಪುಡಿಯಾಗಿಯೇ ಬರುವುದಕ್ಕೆ ಕಾರಣವಿದೆ. ಇವುಗಳಲ್ಲಿ ಹಲವು, ನೀರು ಸೋಕಿದ ಗಳಿಗೆಯಿಂದ ನಿಧಾನವಾಗಿ ಶಕ್ತಿ ಕಳೆದುಕೊಳ್ಳುತ್ತಾ ಹೋಗುತ್ತವೆ. ಕಾರ್ಖಾನೆಯಲ್ಲೇ ಕಲಸಿಟ್ಟರೆ ಅಂಗಡಿಯ ಕಪಾಟಿನಲ್ಲೇ ಕೆಟ್ಟುಹೋಗುತ್ತವೆ. ಹಾಗಾಗಿ ಆ ಕೊನೆಯ ಕೆಲಸವನ್ನು ನಮಗೆ ಬಿಟ್ಟಿದ್ದಾರೆ.

ಮೊದಲು ಬಾಟಲಿಯನ್ನು ಅಂಗೈಗೆ ನಾಲ್ಕು ಸಲ ತಟ್ಟಿ, ತಳಕ್ಕೆ ಅಂಟಿದ ಪುಡಿ ಸಡಿಲವಾಗಲಿ. ಕೆಲವು ಪೆಟ್ಟಿಗೆಗಳಲ್ಲಿ ಪುಟ್ಟ ಪ್ಲಾಸ್ಟಿಕ್ ಕೊಳವೆಯಲ್ಲಿ ಶುದ್ಧ ನೀರನ್ನು ಅವರೇ ಇಟ್ಟಿರುತ್ತಾರೆ. ಇದ್ದರೆ ಅದನ್ನೇ ಲೇಬಲ್ ಹೇಳಿದಂತೆ ಬಳಸಿ. ಇಲ್ಲದಿದ್ದರೆ ಕುದಿಸಿ, ಪೂರ್ತಿ ಆರಿಸಿದ ನೀರು. ಬಿಸಿ ಇರುವಾಗ ಸುರಿದರೆ ಔಷಧ ಹಾಳು. ಹಾಲು, ಜ್ಯೂಸ್, ಎಳನೀರಿನಲ್ಲಿ ಕಲಸುವಂತೆಯೇ ಇಲ್ಲ.

ಗೆರೆ ಎಲ್ಲಿದೆ ಎಂದು ಈಗ ಹುಡುಕಬೇಕು. ಬಾಟಲಿಯ ಗಾಜಿನ ಮೇಲೆ ಉಬ್ಬಿದ ವರ್ತುಲವಾಗಿ, ಇಲ್ಲವೇ ಲೇಬಲ್ಲಿನ ಮೇಲೆ ಬಾಣದ ಗುರುತಾಗಿ ಇರುತ್ತದೆ. ಒಂದೇ ಸಲಕ್ಕೆ ಗೆರೆಯವರೆಗೆ ನೀರು ಸುರಿದುಬಿಟ್ಟರೆ ಪುಡಿ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಗೆರೆಗಿಂತ ಸಾಕಷ್ಟು ಕೆಳಗೆ ನಿಲ್ಲಿಸಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ. ಈಗ ನೊರೆ ಎದ್ದಿರುತ್ತದೆ. ನೊರೆಯ ಮಟ್ಟವನ್ನೇ ಔಷಧದ ಮಟ್ಟ ಎಂದು ಭಾವಿಸಿ ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ಸ್ವಲ್ಪ ಹೊತ್ತು ಬಿಡಿ. ನೊರೆ ಇಳಿದ ಮೇಲೆ ಮಟ್ಟ ಗೆರೆಯಿಂದ ಕೆಳಗಿಳಿದಿರುವುದು ಕಾಣುತ್ತದೆ. ಆಗ ಬಾಟಲಿಯನ್ನು ಕಣ್ಣಿನ ಎತ್ತರಕ್ಕೆ ಹಿಡಿದು ಗೆರೆಗೆ ಸರಿಯಾಗಿ ನೀರು ತುಂಬಿ, ಮತ್ತೊಮ್ಮೆ ಕುಲುಕಿ. ನೀರು ಗೆರೆ ದಾಟಿದರೆ ಪ್ರತಿ ಡೋಸೂ ತೆಳು, ಗೆರೆಗಿಂತ ಕಡಿಮೆಯಾದರೆ ಪ್ರತಿ ಡೋಸೂ ಖಾರ.

"ಇವತ್ತಿಗೆ ಬೇಕಾದಷ್ಟು ಪುಡಿ ಮಾತ್ರ ಚಮಚಕ್ಕೆ ತೆಗೆದು ಕಲಸ್ತೀನಿ, ಉಳಿದದ್ದು ಕೆಡಲ್ಲ" ಎಂದು ಮಿತವ್ಯಯ ತೋರುವವರಿದ್ದಾರೆ. ಪುಡಿಯಲ್ಲಿ ಔಷಧದ ಜೊತೆ ಸಕ್ಕರೆ, ಬಣ್ಣ, ಪರಿಮಳ ಎಲ್ಲ ಬೆರೆತಿರುತ್ತದೆ. ಒಂದು ಚಮಚ ಪುಡಿಯಲ್ಲಿ ಔಷಧ ಎಷ್ಟು ಬಂತು ಎಂದು ಯಾರಿಗೂ ಹೇಳಲಾಗದು. ಕಲಸಿದರೆ ಇಡೀ ಬಾಟಲಿಯನ್ನೇ ಕಲಸಬೇಕು.

ಕಲಸಿದ ತಾರೀಖನ್ನು ಲೇಬಲ್ ಮೇಲೆ ಬಾಲ್‌ಪೆನ್ನಿನಲ್ಲಿ ಬರೆಯಿರಿ. ಪೆಟ್ಟಿಗೆಯ ಮೇಲಿನ ಎಕ್ಸ್‌ಪೈರಿ ತಾರೀಖು ಒಣ ಪುಡಿಗೆ ಮಾತ್ರ ಅನ್ವಯ. ಕಲಸಿದ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಫ್ರಿಜ್‌ನಲ್ಲಿಟ್ಟರೂ 7 ದಿನಕ್ಕೇ ಮುಗಿಯಿತು. ಅದು ಇರಬೇಕಾದದ್ದು 2ರಿಂದ 8 ಡಿಗ್ರಿ ತಂಪಿನಲ್ಲಿ, ಐಸ್ ಕಟ್ಟುವ ಖಾನೆಯಲ್ಲಲ್ಲ. ಎಲ್ಲವನ್ನೂ ಫ್ರಿಜ್‌ಗೆ ತುರುಕುವುದೂ ತಪ್ಪು. ಕ್ಲಾರಿತ್ರೊಮೈಸಿನ್ ಸಿರಪ್ ಫ್ರಿಜ್‌ನಲ್ಲಿ ಮಂದವಾಗಿ ಇನ್ನಷ್ಟು ಕಹಿಯಾಗುತ್ತದೆ, ಅದನ್ನು ಹೊರಗೇ ಇಡಬೇಕು. ಲೇಬಲ್ಲಿನ ಆ ಒಂದು ಸಾಲನ್ನು ಅಂಗಡಿಯವರಿಂದಲೇ ಓದಿಸಿಕೊಂಡು ಬರುವುದು ಒಳ್ಳೆಯದು.

ಮನೆಯಲ್ಲಿ ಫ್ರಿಜ್ ಇಲ್ಲ, ಅಥವಾ ದಿನಕ್ಕೆ ಆರು ಗಂಟೆ ಕರೆಂಟೇ ಇಲ್ಲ ಎನ್ನುವುದನ್ನು ಡಾಕ್ಟರ ಮುಂದೆ ಹೇಳಿಕೊಳ್ಳಲು ಸಂಕೋಚ ಬೇಡ. ನೀರಿನಲ್ಲಿ ತಾನೇ ಕರಗುವ ಡಿಸ್ಪರ್ಸಿಬಲ್ ಮಾತ್ರೆಗಳು ಇದಕ್ಕೆಂದೇ ಇವೆ. ಚಮಚದಲ್ಲಿ ಸ್ವಲ್ಪ ನೀರು ಹಾಕಿ ಮಾತ್ರೆ ಬಿಟ್ಟರೆ ಅರೆಯುವ ಕೆಲಸವೂ ಇಲ್ಲ, ಕಲಸುವ ಲೆಕ್ಕವೂ ಇಲ್ಲ. ಮಕ್ಕಳ ನ್ಯುಮೋನಿಯಾಗೆ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದು 250 ಮಿಗ್ರಾಂನ ಇಂಥ ಅಮಾಕ್ಸಿಸಿಲಿನ್ ಮಾತ್ರೆಯನ್ನೇ. ನಗರದ ಖಾಸಗಿ ಕ್ಲಿನಿಕ್‌ಗಳಲ್ಲಿ ಬಣ್ಣದ ಸಿರಪ್‌ಗೆ ಇರುವ ಮರ್ಯಾದೆ ಈ ಬಿಳಿ ಮಾತ್ರೆಗೆ ಇನ್ನೂ ಸಿಕ್ಕಿಲ್ಲ.

ಚಮಚದ ಮೋಸ

ಅಡುಗೆಮನೆಯ ಟೀ ಚಮಚ 5 ಎಂಎಲ್ ಎನ್ನುವುದು ಪುಸ್ತಕದ ಮಾತು. ಗ್ರೀಸ್ ದೇಶದ 25 ಮನೆಗಳಿಂದ ಟೀ ಚಮಚಗಳನ್ನು ಒಟ್ಟುಮಾಡಿ ಅಳೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅತಿ ಚಿಕ್ಕ ಚಮಚ ಹಿಡಿದದ್ದು 2.5 ಎಂಎಲ್, ಅತಿ ದೊಡ್ಡದು 7.3 ಎಂಎಲ್. ಉಪ್ಪಿಟ್ಟಿನ ಚಮಚ, ಹಾರ್ಲಿಕ್ಸ್ ಚಮಚ, ಮದುವೆಯಲ್ಲಿ ಉಡುಗೊರೆ ಬಂದ ಚಮಚ ಎಲ್ಲ ಒಂದೇ ಡಬ್ಬಿಯಲ್ಲಿರುವ ನಮ್ಮ ಮನೆಗಳಲ್ಲಿ ಅಳೆದರೆ ಇನ್ನೇನು ಸಿಗುತ್ತದೋ.

ಬಾಟಲಿಯ ಜೊತೆ ಬರುವ ಗೆರೆ ಇರುವ ಮುಚ್ಚಳ ಪರವಾಗಿಲ್ಲ. ಆದರೆ 2.5 ಎಂಎಲ್‌ನಂಥ ಸಣ್ಣ ಅಳತೆಗೆ, ಅದರಲ್ಲೂ ಕೂಸುಗಳಿಗೆ, ಸೂಜಿ ಇಲ್ಲದ ಸಿರಿಂಜೇ ಸರಿ. ಮೆಡಿಕಲ್ಸ್‌ನಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಅದರ ತುದಿಯ ಪುಟ್ಟ ಕ್ಯಾಪನ್ನು ಮೊದಲೇ ಕಿತ್ತು ಕಸಕ್ಕೆ ಎಸೆಯಿರಿ. ಒತ್ತುವ ರಭಸಕ್ಕೆ ಅದು ಮಗುವಿನ ಗಂಟಲಿಗೆ ಹಾರಿ ಸಿಕ್ಕಿಕೊಳ್ಳಬಹುದು. ಅಜ್ಜಿಯ ಒಳಲೆಯಿಂದ ಕುಡಿಸುವುದೇ ಮಗುವಿಗೆ ರೂಢಿಯಾಗಿದ್ದರೆ, ಸಿರಿಂಜಿನಲ್ಲಿ ಅಳೆದು ಒಳಲೆಗೆ ಹಾಕಿ. ಕುಡಿಸಿದ ಮೇಲೆ ಅದರ ತಳದಲ್ಲಿ ಉಳಿದದ್ದನ್ನು ನಾಲ್ಕು ಹನಿ ನೀರಿನಲ್ಲಿ ತೊಳೆದು ಅದನ್ನೂ ಕುಡಿಸಬೇಕು.

ಪ್ರತಿ ಸಲ ಅಳೆಯುವ ಮುಂಚೆ ಬಾಟಲಿ ಕುಲುಕುವುದನ್ನು ಮರೆತರೆ ಮೇಲಿನ ಎಲ್ಲ ಎಚ್ಚರವೂ ವ್ಯರ್ಥ. ಔಷಧ ಕೆಳಗೆ ಕೂತಿರುತ್ತದೆ. ಮೊದಲ ದಿನ ಮಗುವಿಗೆ ಸಿಗುವುದು ಬರೀ ಸಿಹಿನೀರು, ಕೊನೆಯ ದಿನ ಗಟ್ಟಿ ಔಷಧ.

ಬಾಯಿ ಬಿಡದ ಮಗು

ಮೂಗು ಹಿಡಿದು, ಕೈಕಾಲು ಅದುಮಿ, ಮಲಗಿಸಿ ಗಂಟಲಿಗೆ ಸುರಿಯುವ ಪದ್ಧತಿ ಇನ್ನೂ ಹೋಗಿಲ್ಲ. ಅಳುತ್ತಾ ಉಸಿರೆಳೆಯುವ ಮಗುವಿನ ಶ್ವಾಸನಾಳಕ್ಕೆ ಔಷಧ ನುಗ್ಗುವುದು ಹೀಗೆಯೇ. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಳ್ಳಿ. ಸಿರಿಂಜಿನ ತುದಿ ನಾಲಿಗೆಯ ನಡುವೆ ಬೇಡ, ಕೆನ್ನೆಯ ಒಳಬದಿಗೆ ಇರಲಿ. ಒಂದಿಷ್ಟು ಬಿಟ್ಟು, ನುಂಗಿದ್ದು ನೋಡಿ, ಮತ್ತೊಂದಿಷ್ಟು.

ಕೆಲವು ಔಷಧ ನಿಜಕ್ಕೂ ಕಹಿ. ಸೆಫ್‌ಪೊಡಾಕ್ಸಿಮ್‌ನ ಕಹಿಯನ್ನು ಯಾವ ಕಿತ್ತಳೆ ಪರಿಮಳವೂ ಮುಚ್ಚುವುದಿಲ್ಲ. ಕುಡಿದ ತಕ್ಷಣ ಒಂದು ಚೂರು ಬೆಲ್ಲವೋ ಬಾಳೆಹಣ್ಣೋ ಕೊಟ್ಟರೆ ಸಾಕು. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನುತುಪ್ಪ ಮುಟ್ಟಿಸಬಾರದು. ಇಡೀ ಲೋಟ ಹಾಲಿಗೆ ಔಷಧ ಬೆರೆಸಿದರೆ, ಮಗು ಅರ್ಧ ಲೋಟಕ್ಕೆ ಸಾಕೆಂದಾಗ ಅರ್ಧ ಡೋಸ್ ಲೋಟದಲ್ಲೇ ಉಳಿಯುತ್ತದೆ. "ಇದು ಚಾಕ್ಲೇಟು" ಎಂದು ನಂಬಿಸುವುದು ಇನ್ನೂ ಕೆಟ್ಟದ್ದು. ನಂಬಿದ ಮಗು ಯಾರೂ ಇಲ್ಲದಾಗ ಸ್ಟೂಲ್ ಹತ್ತಿ ಇಡೀ ಬಾಟಲಿ ಮುಗಿಸಬಹುದು.

ಊಟದ ಪ್ರಶ್ನೆಗೆ ಎಲ್ಲದಕ್ಕೂ ಒಂದೇ ಉತ್ತರವಿಲ್ಲ. ಅಮಾಕ್ಸಿಸಿಲಿನ್-ಕ್ಲಾವುಲನೇಟನ್ನು ಊಟದ ಮೊದಲ ತುತ್ತಿನ ಜೊತೆಗೇ ಕೊಟ್ಟರೆ ಹೊಟ್ಟೆಗೆ ಹಿತ. ಕ್ಲಾಕ್ಸಸಿಲಿನ್‌ನಂಥವು ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಮೈಗೆ ಸೇರುತ್ತವೆ. ಸಿಪ್ರೊಫ್ಲಾಕ್ಸಸಿನ್ ಕೊಟ್ಟ ಹೊತ್ತಿಗೆ ಹಾಲು ಕೊಟ್ಟರೆ ಹಾಲಿನ ಕ್ಯಾಲ್ಸಿಯಂ ಔಷಧವನ್ನು ಹಿಡಿದಿಟ್ಟುಕೊಂಡುಬಿಡುತ್ತದೆ. ಚೀಟಿಯ ಅಂಚಿನಲ್ಲಿ ಇದನ್ನೂ ಬರೆಸಿಕೊಳ್ಳಿ. ಮಗು ಮೂರ್ಛೆ ರೋಗದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಕಾರ್ಬಮಜೆಪಿನ್ ತೆಗೆದುಕೊಳ್ಳುವ ಮಗುವಿಗೆ ಎರಿತ್ರೊಮೈಸಿನ್ ಅಥವಾ ಕ್ಲಾರಿತ್ರೊಮೈಸಿನ್ ಕೊಟ್ಟರೆ, ಮೂರ್ಛೆಯ ಔಷಧ ರಕ್ತದಲ್ಲಿ ಏರಿ ಮಗು ತೂಕಡಿಸತೊಡಗುತ್ತದೆ.

ಗಡಿಯಾರದ ಲೆಕ್ಕ

ದಿನಕ್ಕೆ ಎರಡು ಸಲ ಎಂದರೆ ಸುಮಾರು 12 ಗಂಟೆಗೊಮ್ಮೆ, ಮೂರು ಸಲ ಎಂದರೆ 8 ಗಂಟೆಗೊಮ್ಮೆ. ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ಶಾಲೆಯಿಂದ ಬಂದ ಮೇಲೆ ಐದಕ್ಕೊಮ್ಮೆ ಕೊಟ್ಟರೆ ರಾತ್ರಿಯಿಡೀ ರಕ್ತದಲ್ಲಿ ಔಷಧದ ಮಟ್ಟ ಕುಸಿದಿರುತ್ತದೆ. ಹಾಗೆಂದು ಮೂರು ಸಲದ ಔಷಧಕ್ಕೆ ನಡುರಾತ್ರಿ ಮಗುವನ್ನು ಎಬ್ಬಿಸಬೇಕಿಲ್ಲ. ಎದ್ದಾಗ, ಮಧ್ಯಾಹ್ನ, ಮಲಗುವಾಗ ಎಂದು ಹಂಚಿಕೊಂಡರೆ ಸಾಮಾನ್ಯವಾಗಿ ಸಾಕು.

ಒಂದು ಡೋಸ್ ಮರೆತರೆ ನೆನಪಾದಾಗ ಕೊಡಿ. ಮುಂದಿನ ಡೋಸಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನೂ ಸೇರಿಸಿ ಕೊಡುವಂತಿಲ್ಲ. ಅಮ್ಮ ಕೊಟ್ಟದ್ದು ಗೊತ್ತಿಲ್ಲದೆ ಅಜ್ಜಿಯೂ ಕೊಡುವುದು ಕೂಡುಕುಟುಂಬದ ಮಾಮೂಲಿ ಸಮಸ್ಯೆ. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಕೊಟ್ಟಾಗಲೆಲ್ಲ ಒಂದು ಗೀಟು ಹಾಕಿದರೆ ತಂಟೆ ಇಲ್ಲ.

ಇನ್ನೊಂದು ಗೊಂದಲ ನಾನು ಅನೇಕ ಮನೆಗಳಲ್ಲಿ ಕಂಡದ್ದು. ಚೀಟಿಯಲ್ಲಿ ಎರಡು ಸಿರಪ್. ಪ್ಯಾರಸಿಟಮಾಲ್ "ಜ್ವರ ಇದ್ದಾಗ ಮಾತ್ರ", ಆ್ಯಂಟಿಬಯಾಟಿಕ್ "ಜ್ವರ ಇರಲಿ ಬಿಡಲಿ, ಅಷ್ಟೂ ದಿನ". ಮನೆಗೆ ಬರುವಷ್ಟರಲ್ಲಿ ಇವೆರಡೂ ತಲೆಕೆಳಗಾಗಿರುತ್ತವೆ. ಜ್ವರದ ಸಿರಪ್ ಐದು ದಿನ ತಪ್ಪದೆ ಹೋಗುತ್ತದೆ, ಆ್ಯಂಟಿಬಯಾಟಿಕ್ ಮೈ ಬಿಸಿಯಾದಾಗ ಮಾತ್ರ. ಬಾಟಲಿಗಳ ಮೇಲೆ ಕನ್ನಡದಲ್ಲಿ "ಜ್ವರಕ್ಕೆ", "ತಪ್ಪದೆ 5 ದಿನ" ಎಂದು ಪಟ್ಟಿ ಅಂಟಿಸುವುದು ಅಂಗಡಿಯವರಿಗೆ ಅರ್ಧ ನಿಮಿಷದ ಕೆಲಸ. ಅದನ್ನು ಕಡ್ಡಾಯ ಮಾಡಬಾರದೇಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ವಾಂತಿ, ಭೇದಿ, ದದ್ದು

ಕುಡಿದ ಅರ್ಧ ಗಂಟೆಯೊಳಗೆ ಮಗು ಪೂರ್ತಿ ಕಕ್ಕಿದರೆ ಸಾಮಾನ್ಯವಾಗಿ ಅದೇ ಡೋಸನ್ನು ಇನ್ನೊಮ್ಮೆ ಕೊಡಲು ಹೇಳುತ್ತಾರೆ. ಅರ್ಧ ಗಂಟೆ ದಾಟಿದ್ದರೆ ಮುಂದಿನ ಹೊತ್ತಿಗೆ ಕಾಯಬೇಕು. ಪ್ರತಿ ಸಲವೂ ಕಕ್ಕುತ್ತಿದ್ದರೆ ಅದು ಫೋನ್ ಮಾಡಿ ಕೇಳಬೇಕಾದ ವಿಷಯ.

ಹೊಟ್ಟೆ ಸ್ವಲ್ಪ ಸಡಿಲವಾಗುವುದು ಸಹಜ. ಕೆಟ್ಟ ಬ್ಯಾಕ್ಟೀರಿಯಾ ಜೊತೆ ಕರುಳಿನ ಒಳ್ಳೆಯವೂ ಸಾಯುತ್ತವೆ. ಮೊಸರನ್ನ ಕೊಡಿ, ಓಆರ್‌ಎಸ್ ಕುಡಿಸಿ, ಔಷಧವನ್ನು ನೀವಾಗಿ ನಿಲ್ಲಿಸಬೇಡಿ. ಮಲದಲ್ಲಿ ರಕ್ತ ಕಂಡರೆ, ಮಗು ಸೊರಗಿ ಉಚ್ಚೆ ಕಡಿಮೆಯಾದರೆ ಕಾಯುವಂತಿಲ್ಲ.

ದದ್ದುಗಳಲ್ಲಿ ಎರಡು ಬಗೆ. ಅಮಾಕ್ಸಿಸಿಲಿನ್ ಶುರುಮಾಡಿ ಕೆಲವು ದಿನದ ಮೇಲೆ ಮೈಮೇಲೆ ತುರಿಕೆಯಿಲ್ಲದ ಚಪ್ಪಟೆ ಕೆಂಪು ಚುಕ್ಕೆ ಏಳಬಹುದು. ಎಷ್ಟೋ ಸಲ ಅದು ಅಲರ್ಜಿಯಾಗಿರದೆ ಒಳಗಿನ ವೈರಸ್ಸಿನ ಕೆಲಸವಾಗಿರುತ್ತದೆ. ಆದರೂ ಡಾಕ್ಟರಿಗೆ ತೋರಿಸಬೇಕು. ಡೋಸ್ ಕೊಟ್ಟ ಸ್ವಲ್ಪ ಹೊತ್ತಿಗೇ ಪಿತ್ತಗಂಧೆಯಂತೆ ತುರಿಸುವ ದಪ್ಪ ದದ್ದು, ತುಟಿ-ಕಣ್ಣುರೆಪ್ಪೆ ಊತ, ಉಸಿರಿನಲ್ಲಿ ಸುಯ್ಯೆನ್ನುವ ಸದ್ದು ಕಂಡರೆ ಅದು ನಿಜವಾದ ಅಲರ್ಜಿ. ಔಷಧ ಅಲ್ಲಿಗೇ ನಿಲ್ಲಿಸಿ 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಹೊರಡಿ. ಚರ್ಮ ಅಥವಾ ಬಾಯೊಳಗೆ ಗುಳ್ಳೆ ಎದ್ದು ಸುಲಿಯತೊಡಗಿದರೂ ಅಷ್ಟೇ ತುರ್ತು.

ಯಾವ ಔಷಧಕ್ಕೆ, ಎಷ್ಟನೇ ದಿನ, ಎಂಥ ದದ್ದು ಎಂದು ಬರೆದಿಟ್ಟು ಫೋಟೊ ತೆಗೆದಿಡಿ. ಬರೀ "ಪೆನಿಸಿಲಿನ್ ಆಗಲ್ಲ" ಎಂಬ ಹಣೆಪಟ್ಟಿ ಮಗುವಿಗೆ ಜನ್ಮಪೂರ್ತಿ ಅಂಟಿಕೊಳ್ಳುತ್ತದೆ. ಹೀಗೆ ಹಣೆಪಟ್ಟಿ ಹೊತ್ತವರನ್ನು ಪರೀಕ್ಷಿಸಿದಾಗ ಹತ್ತರಲ್ಲಿ ಒಂಬತ್ತು ಜನಕ್ಕೆ ಪೆನಿಸಿಲಿನ್ ಒಗ್ಗುತ್ತದೆ ಎಂದು ವೈದ್ಯಲೋಕ ಕಂಡುಕೊಂಡಿದೆ. ಅಷ್ಟು ಜನ ಸುಮ್ಮನೆ ದುಬಾರಿ ಔಷಧ ನುಂಗುತ್ತಿರುತ್ತಾರೆ.

ಜ್ವರ ಇಳಿಯಲಿಲ್ಲವೆಂದು ಡಾಕ್ಟರನ್ನು ಬದಲಿಸುವ ಮುನ್ನ

ಮೊದಲ ಡೋಸಿಗೇ ಜ್ವರ ಬಿಡಬೇಕೆಂದು ನಿರೀಕ್ಷಿಸುವುದು ತಪ್ಪು. ಕಿವಿ, ಗಂಟಲಿನ ಸೋಂಕಿಗೆ ಎರಡು ಮೂರು ದಿನ ಬೇಕು. ಟೈಫಾಯಿಡ್‌ನಲ್ಲಿ ಸರಿಯಾದ ಔಷಧ ಸರಿಯಾಗಿ ಕೆಲಸ ಮಾಡುತ್ತಿದ್ದರೂ ಜ್ವರ ಇಳಿಯಲು ನಾಲ್ಕೈದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಇದು ಗೊತ್ತಿಲ್ಲದೆ ಎರಡನೇ ದಿನ ಒಬ್ಬ ಡಾಕ್ಟರು, ನಾಲ್ಕನೇ ದಿನ ಇನ್ನೊಬ್ಬರು, ಪ್ರತಿಯೊಬ್ಬರದೂ ಹೊಸ ಆ್ಯಂಟಿಬಯಾಟಿಕ್. ಕೊನೆಗೆ ಯಾವುದು ಕೆಲಸ ಮಾಡಿತು ಎಂದೇ ಗೊತ್ತಾಗುವುದಿಲ್ಲ.

ಕಾಯಬಾರದ ಲಕ್ಷಣಗಳು ಬೇರೆ ಇವೆ. ಮಗು ಹಾಲು, ನೀರು ಏನನ್ನೂ ಕುಡಿಯುತ್ತಿಲ್ಲ, ಎಬ್ಬಿಸಿದರೂ ಏಳುತ್ತಿಲ್ಲ, ಫಿಟ್ಸ್ ಬಂತು, ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದೆ ಎಂದರೆ ಆ ಕ್ಷಣವೇ ಆಸ್ಪತ್ರೆ. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50 ಮತ್ತು ಅದಕ್ಕಿಂತ ಹೆಚ್ಚು, ಒಂದರಿಂದ ಐದು ವರ್ಷದವರಿಗೆ 40 ಮತ್ತು ಅದಕ್ಕಿಂತ ಹೆಚ್ಚು ಬಂದರೆ ಅದು ವೇಗದ ಉಸಿರು, ನ್ಯುಮೋನಿಯಾದ ಸೂಚನೆ. ಹಳ್ಳಿಯಲ್ಲಿ ಎಣಿಸುವುದು ಗೊತ್ತಾಗದಿದ್ದರೆ ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಯಲ್ಲಿ ಸಿರಪ್‌ನ ಮಾತೇ ಇಲ್ಲ, ನೇರ ಆಸ್ಪತ್ರೆ.

ಬಾಟಲಿ ಮುಗಿದರೆ ಕೋರ್ಸ್ ಮುಗಿಯಿತೇ?

ನಮ್ಮಲ್ಲಿ ಬರುವ ಪುಡಿ ಬಾಟಲಿಗಳಲ್ಲಿ ಹೆಚ್ಚಿನವು ಕಲಸಿದರೆ 30 ಎಂಎಲ್ ಆಗುತ್ತವೆ. 5 ಎಂಎಲ್‌ನಂತೆ ದಿನಕ್ಕೆರಡು ಸಲ ಎಂದರೆ ಮೂರನೇ ದಿನ ರಾತ್ರಿ ಬಾಟಲಿ ಖಾಲಿ. ಚೀಟಿಯಲ್ಲಿ 5 ದಿನ ಎಂದಿದ್ದರೆ ಬೇಕಾದದ್ದು 50 ಎಂಎಲ್, ಅಂದರೆ ಎರಡು ಬಾಟಲಿ. ಮಗುವಿನ ಜ್ವರವೂ ಅಷ್ಟರಲ್ಲಿ ಇಳಿದಿರುತ್ತದೆ, ಬಾಟಲಿಯೂ ಮುಗಿದಿರುತ್ತದೆ, ಇನ್ನೇಕೆ ಪೇಟೆಗೆ ಹೋಗುವುದು ಎಂದು ನಿಲ್ಲಿಸುತ್ತಾರೆ. ಅರ್ಧಕ್ಕೆ ನಿಂತ ಕೋರ್ಸ್‌ಗಳಲ್ಲಿ ಎಷ್ಟೋ ಹೀಗೆ ನಿಂತವು. ಮೊದಲ ದಿನವೇ ಲೆಕ್ಕ ಹಾಕಿ ಎರಡೂ ಬಾಟಲಿ ಕೊಳ್ಳಿ, ಆದರೆ ಎರಡನೆಯದಕ್ಕೆ ಮೊದಲನೆಯದು ಮುಗಿದ ಮೇಲೆಯೇ ನೀರು ಹಾಕಿ.

ಎಷ್ಟು ದಿನ ಎನ್ನುವುದರ ಬಗ್ಗೆ ವೈದ್ಯಕೀಯದ ಅಭಿಪ್ರಾಯವೇ ಬದಲಾಗುತ್ತಿದೆ. ಹಿಂದೆ ವಾರಗಟ್ಟಲೆ ಬರೆಯುತ್ತಿದ್ದ ಕೆಲವು ಸೋಂಕುಗಳಿಗೆ, ಉದಾಹರಣೆಗೆ ಆಸ್ಪತ್ರೆಗೆ ಸೇರಿಸಬೇಕಿಲ್ಲದ ಸಾಮಾನ್ಯ ನ್ಯುಮೋನಿಯಾಗೆ, ಮೂರರಿಂದ ಐದು ದಿನವೇ ಸಾಕು ಎಂದು ಈಗ ತಿಳಿದಿದೆ. ಸ್ಟ್ರೆಪ್ಟೋಕಾಕಸ್ ಗಂಟಲು, ಟೈಫಾಯಿಡ್‌ಗೆ ಅದು ಸಾಲದು. ಹಾಗಾಗಿ "ಐದು ದಿನ" ಎಂದಿದ್ದನ್ನು ಮೂರಕ್ಕೆ ಇಳಿಸುವುದೂ ಬೇಡ, ಬಾಟಲಿಯಲ್ಲಿ ಉಳಿದಿದೆ ಎಂದು ಏಳಕ್ಕೆ ಏರಿಸುವುದೂ ಬೇಡ. ಮಗು ಬೇಗ ಚೇತರಿಸಿಕೊಂಡಿದೆ, ನಿಲ್ಲಿಸಬಹುದೇ ಎಂಬ ಪ್ರಶ್ನೆ ತಪ್ಪಲ್ಲ. ಅದನ್ನು ಬರೆದ ಡಾಕ್ಟರನ್ನೇ ಕೇಳಬೇಕು ಅಷ್ಟೆ.

ಕೆಂಪು ಗೆರೆ ಮತ್ತು ಉಳಿದ ಬಾಟಲಿ

ಮಾತ್ರೆಯ ಪಟ್ಟಿಯ ಮೇಲೆ, ಬಾಟಲಿಯ ಲೇಬಲ್ ಮೇಲೆ ಉದ್ದಕ್ಕೆ ಕೆಂಪು ಗೆರೆಯೊಂದು ಇರುವುದನ್ನು ನೋಡಿರುತ್ತೀರಿ. ಡಾಕ್ಟರ ಚೀಟಿಯಿಲ್ಲದೆ ಕೊಳ್ಳಬಾರದು ಎಂಬುದರ ಗುರುತು ಅದು. ಅದನ್ನು ಜನರಿಗೆ ಪರಿಚಯಿಸಲು ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರಾಂದೋಲನವನ್ನೇ ನಡೆಸಿತು. ಅದಕ್ಕೂ ಮುಂಚೆ, 2014ರ ಮಾರ್ಚ್‌ನಿಂದ, ಸೆಫಿಕ್ಸಿಮ್ ಸೇರಿ ಹಲವು ಆ್ಯಂಟಿಬಯಾಟಿಕ್‌ಗಳನ್ನು ಎಚ್1 ಎಂಬ ಪಟ್ಟಿಗೆ ಸೇರಿಸಲಾಗಿದೆ. ಇವನ್ನು ಮಾರಿದ ಅಂಗಡಿ, ಬರೆದ ವೈದ್ಯರು ಯಾರು, ಕೊಂಡವರು ಯಾರು, ಎಷ್ಟು ಎಂದು ಬೇರೆಯೇ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಕಾಗದದ ಮೇಲೆ ಕಾನೂನು ಬಿಗಿಯಾಗಿಯೇ ಇದೆ. "ಮಗೂಗೆ ಹೋದ್ಸಲ ಕೊಟ್ರಲ್ಲ, ಅದೇ ಸಿರಪ್ ಕೊಡಿ" ಎಂದರೆ ಇವತ್ತಿಗೂ ಸಿಕ್ಕಿಬಿಡುತ್ತದೆ.

ಅಣ್ಣನಿಗೆ ತಂದು ಉಳಿದದ್ದನ್ನು ತಂಗಿಗೆ ಕೊಡುವ ಪದ್ಧತಿಯೂ ಇದೇ ಸಾಲಿನದು. ಅವಳ ಕೆಮ್ಮು ಬೇರೆ, ತೂಕ ಬೇರೆ, ಬಾಟಲಿಯೊಳಗಿನ ಔಷಧ ಅಷ್ಟರಲ್ಲಿ ಅರ್ಧ ಸತ್ತಿರುತ್ತದೆ. ಅರೆಬರೆ ಔಷಧ ಮೈಯ ಎಲ್ಲ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದಿಲ್ಲ. ಉಳಿದವು ಆ ಔಷಧಕ್ಕೆ ಬಗ್ಗದಂಥವು, ಬೆಳೆಯುವುದು ಅವೇ. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12 ಲಕ್ಷ 70 ಸಾವಿರ ಸಾವುಗಳಿಗೆ ಇಂಥ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣ ಎಂದು ಅಂದಾಜಿಸಲಾಗಿದೆ. ಐದರಲ್ಲೊಂದು ಸಾವು ಐದು ವರ್ಷದೊಳಗಿನ ಮಗುವಿನದು.

ಉಳಿದ ಸಿರಪನ್ನು ಸಿಂಕಿಗೋ ಕಕ್ಕಸಿಗೋ ಸುರಿದರೆ ಅದು ಚರಂಡಿ ಹಿಡಿದು ಕೆರೆ ಸೇರುತ್ತದೆ. ಕೇರಳ 2025ರಲ್ಲಿ ಕೋಯಿಕ್ಕೋಡ್ ಕಡೆ, ಮನೆಗಳಲ್ಲಿ ಉಳಿದ ಔಷಧಗಳನ್ನು ವಾಪಸ್ ಪಡೆಯುವ ಸರ್ಕಾರಿ ವ್ಯವಸ್ಥೆಯನ್ನು ಶುರುಮಾಡಿತು. ಅಂಥದ್ದು ನಮ್ಮ ಊರಿಗೂ ಬರುವವರೆಗೆ, ಬಳಸಿದ ಚಹಾ ಪುಡಿಗೋ ಮಣ್ಣಿಗೋ ಸಿರಪ್ ಬೆರೆಸಿ, ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಕಸದ ಗಾಡಿಗೆ ಹಾಕಿ. ಖಾಲಿ ಬಾಟಲಿಯ ಲೇಬಲ್ ಕಿತ್ತುಹಾಕಿ. ಅದನ್ನು ಎಣ್ಣೆಗೋ ಸೀಮೆಎಣ್ಣೆಗೋ ಇಟ್ಟುಕೊಂಡರೆ ಮಗು ಅದನ್ನೂ ಔಷಧವೆಂದು ಬಾಯಿಗೆ ಇಟ್ಟೀತು.